ಕ್ಯಾಮೆರಾ ಕೊಳ್ಳುವ ದುಡ್ಡಿನ ಜೊತೆ ಅದನ್ನು ನೋಡಿಕೊಳ್ಳುವ ದುಡ್ಡನ್ನೂ ಇಡಿ

ಮಾನ್ಯ ಸಂಪಾದಕರೇ,

ನಮ್ಮ ಊರಿನಲ್ಲಿ ಮತ್ತೆ ಸಿಸಿಟಿವಿ ಮಾತು ಎದ್ದಿದೆ. ಈಚೆಗೆ ಎರಡು ಮನೆಗಳ ಬೀಗ ಒಡೆದರು, ಮಂಡಿಯ ಮುಂದೆ ನಿಲ್ಲಿಸಿದ್ದ ಒಂದು ಬೈಕ್ ಹೋಯಿತು. ವಾರ್ಡ್ ಸಭೆ ಸೇರಿತು. ಅನುದಾನ ಬರುತ್ತದೆ, ಊರಿಗೆ ಇನ್ನೂ 40 ಕ್ಯಾಮೆರಾ ಹಾಕಿಸುತ್ತೇವೆ ಎಂದರು. ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು ಒಂದೇ ಮಾತು ಕೇಳಿದೆ: ‘ಈಗಾಗಲೇ ಹಾಕಿರುವ 16ರಲ್ಲಿ ಇವತ್ತು ಎಷ್ಟು ಓಡುತ್ತಿವೆ?’ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಅಷ್ಟರಲ್ಲಿ ಕುಡಿಯುವ ನೀರಿನ ವಿಷಯ ಬಂತು, ಸಭೆ ಆ ಕಡೆ ಹೋಯಿತು. ಅಲ್ಲಿ ಹೇಳಲು ಆಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಜಾಗ ಕೊಡಿ.

ಕ್ಯಾಮೆರಾ ಕೂರಿಸುವುದೇ ನನ್ನ ಕೆಲಸ. 18 ವರ್ಷ ಆಯಿತು. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಅಂಗಡಿ ಇದೆ. ಕೊಬ್ಬರಿ ಮಂಡಿ, ಕಲ್ಯಾಣ ಮಂಟಪ, ಬೇಕರಿ, ಔಷಧಿ ಅಂಗಡಿ, ತೋಟದ ಮನೆ, ಹೀಗೆ ಸಾವಿರಕ್ಕೂ ಜಾಸ್ತಿ ಕ್ಯಾಮೆರಾ ಕೂರಿಸಿದ್ದೇನೆ. ಊರಿನ ಹೆಸರು ಬರೆಯುತ್ತಿಲ್ಲ. ನಾನು ಕೆಲಸಕ್ಕೆ ಹೋಗುವ ಅಕ್ಕಪಕ್ಕದ ಊರುಗಳಲ್ಲೂ ಹೆಚ್ಚುಕಡಿಮೆ ಇದೇ ಕಥೆ, ಯಾರೋ ಒಬ್ಬರನ್ನು ಬೈಯುವುದು ನನ್ನ ಉದ್ದೇಶವಲ್ಲ. ಕ್ಯಾಮೆರಾ ಬೇಡ ಎನ್ನುವವನೂ ನಾನಲ್ಲ. ಬೇಕು. ಆದರೆ ಸರ್ಕಾರದ ದುಡ್ಡು ಕ್ಯಾಮೆರಾ ಕೊಳ್ಳುವುದಕ್ಕೆ ಬರುತ್ತದೆ, ಕೊಂಡಿದ್ದನ್ನು ನೋಡಿಕೊಳ್ಳುವುದಕ್ಕೆ ಬರುವುದಿಲ್ಲ. ಅದರಿಂದ ಏನಾಗುತ್ತದೆ ಎಂಬುದನ್ನು ನಮ್ಮ ಮನೆಯವರೇ ಅನುಭವಿಸಿದ್ದಾರೆ.

ಎರಡು ವರ್ಷದ ಹಿಂದಿನ ಕಾರ್ತಿಕ ಮಾಸ. ನಮ್ಮ ಚಿಕ್ಕಮ್ಮ ದಿನಾ ಬೆಳಗಿನ ಜಾವ ಈಶ್ವರನ ಗುಡಿಗೆ ದೀಪ ಹಚ್ಚಲು ಹೋಗುತ್ತಿದ್ದರು. ಆಗ ಅವರಿಗೆ 64 ವರ್ಷ. ಐದೂಮುಕ್ಕಾಲು ಇರಬೇಕು, ಇನ್ನೂ ಕತ್ತಲು. ಸರ್ಕಲ್ ಹತ್ತಿರ ಬೈಕಿನಲ್ಲಿ ಇಬ್ಬರು ಬಂದು, ‘ಅಮ್ಮಾ, ರೈಲ್ವೆ ಸ್ಟೇಷನ್ ಯಾವ ಕಡೆ?’ ಎಂದು ಕೇಳಿದ್ದಾರೆ. ಕೈ ತೋರಿಸಲು ಚಿಕ್ಕಮ್ಮ ಆ ಕಡೆ ತಿರುಗಿದ್ದೇ ತಡ, ಹಿಂದೆ ಕೂತವನು ಕುತ್ತಿಗೆಗೆ ಕೈ ಹಾಕಿ ಎಳೆದಿದ್ದಾನೆ. ಮಾಂಗಲ್ಯದ ಸರ. ಎಣ್ಣೆ ಬಟ್ಟಲು, ಬತ್ತಿ ಎಲ್ಲ ರಸ್ತೆಗೆ ಚೆಲ್ಲಿದವು. ಚಿಕ್ಕಮ್ಮನೂ ಬಿದ್ದರು. ಮಣಿಕಟ್ಟು ಮುರಿಯಿತು. ಕುತ್ತಿಗೆಯ ಮೇಲಿನ ಗೆರೆ ಮಾಯಲು ಒಂದು ತಿಂಗಳು ಬೇಕಾಯಿತು.

ಸರ್ಕಲ್‌ನಲ್ಲಿ ಕ್ಯಾಮೆರಾ ಇತ್ತು. ಅವರು ಬಿದ್ದ ಜಾಗಕ್ಕೆ ಸರಿಯಾಗಿ ಮೇಲೆ. ‘ಕ್ಯಾಮೆರಾ ಇದೆಯಲ್ಲಪ್ಪ, ಎಲ್ಲ ಕಂಡಿರುತ್ತೆ, ನೋಡು’ ಎಂದು ಆಸ್ಪತ್ರೆಯಲ್ಲಿ ಮಲಗಿಕೊಂಡೇ ನನಗೆ ಹೇಳಿದರು. ಪೊಲೀಸರೂ ಅವತ್ತೇ ನನ್ನನ್ನು ಕರೆದರು. ದೃಶ್ಯ ತೆಗೆಯಲು ಗೊತ್ತಿರುವವರು ಅಲ್ಲಿ ಯಾರೂ ಇರಲಿಲ್ಲ.

ನೋಡಿದೆ. ಮೊದಲಿಗೆ, ದೃಶ್ಯ ಬರೆದಿಡುವ ಯಂತ್ರದ ಗಡಿಯಾರ 47 ನಿಮಿಷ ಹಿಂದೆ ಇತ್ತು. ಆ ಹೊತ್ತಿನ ದೃಶ್ಯ ಹುಡುಕುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಸಿಕ್ಕಿದ ಮೇಲೆ ಏನು? ಸರ್ಕಲ್‌ನ ಬೀದಿದೀಪ ಕೆಟ್ಟು ಮೂರು ವಾರ ಆಗಿತ್ತು. ಬೆಳಕಿಲ್ಲದಿದ್ದರೆ ಕ್ಯಾಮೆರಾ ತಾನಾಗಿಯೇ ರಾತ್ರಿ ನೋಟಕ್ಕೆ ಹೋಗುತ್ತದೆ, ಚಿತ್ರ ಕಪ್ಪು ಬಿಳುಪಾಗುತ್ತದೆ. ಬೈಕಿನ ಬಣ್ಣ ಗೊತ್ತಾಗಲಿಲ್ಲ. ಕ್ಯಾಮೆರಾದ ಕೆಂಪು ಎಲ್‌ಇಡಿಗಳ ಸುತ್ತ ರಾತ್ರಿ ಹುಳು ಬರುತ್ತವೆ, ಹುಳು ಹಿಡಿಯಲು ಜೇಡ ಬಲೆ ಕಟ್ಟುತ್ತದೆ. ತಿಂಗಳುಗಟ್ಟಲೆ ಯಾರೂ ಒರೆಸದ ಗಾಜಿನ ಮುಂದೆ ಆ ಬಲೆ ಬೆಳ್ಳಗೆ ಹೊಳೆಯುತ್ತಿತ್ತು. ಅದರ ಹಿಂದೆ ಚಿಕ್ಕಮ್ಮ ಒಂದು ನೆರಳಿನ ಹಾಗೆ ಕಂಡರು. ನಂಬರ್ ಪ್ಲೇಟ್ ಇರಬೇಕಾದ ಕಡೆ ಒಂದು ಬಿಳಿ ಮಚ್ಚೆ. ಈಗಿನ ಎಚ್‌ಎಸ್‌ಆರ್‌ಪಿ (ಹೆಚ್ಚು ಭದ್ರತೆಯ ನಂಬರ್) ಪ್ಲೇಟುಗಳು ಬೆಳಕನ್ನು ವಾಪಸ್ ಎಸೆಯುತ್ತವೆ, ಅದಕ್ಕೆಂದೇ ಹೊಂದಿಸದ ಕ್ಯಾಮೆರಾಕ್ಕೆ ರಾತ್ರಿ ಅಕ್ಷರ ಕಾಣುವುದಿಲ್ಲ.

ಕಂಡಿದ್ದರೂ ಓದಲು ಆಗುತ್ತಿರಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಟೆಂಡರ್ ಬರೆಯುವವರು ಯಾರಾದರೂ ಓದಲಿ. ಅಲ್ಲಿದ್ದದ್ದು 2 ಎಂಪಿ (ಮೆಗಾಪಿಕ್ಸೆಲ್) ಕ್ಯಾಮೆರಾ, 2.8 ಎಂಎಂ ಲೆನ್ಸ್. ಆ ಲೆನ್ಸಿನಲ್ಲಿ 10 ಮೀಟರ್ ದೂರಕ್ಕೆ ಸುಮಾರು 25 ಮೀಟರ್ ಅಗಲದ ಜಾಗ ಕಾಣುತ್ತದೆ. ಇಡೀ ಸರ್ಕಲ್ ಒಂದೇ ಚಿತ್ರದಲ್ಲಿ ಬಂತಲ್ಲ ಎಂದು ನೋಡಿದವರಿಗೆ ಖುಷಿಯಾಗುತ್ತದೆ. ಆದರೆ ಆ 25 ಮೀಟರಿಗೆ ಇರುವುದು ಅಡ್ಡಕ್ಕೆ 1920 ಚುಕ್ಕಿ (ಪಿಕ್ಸೆಲ್) ಮಾತ್ರ. ಬೈಕಿನ ಹಿಂದಿನ ಪ್ಲೇಟಿನ ಅಗಲ 20 ಸೆಂಟಿಮೀಟರ್. ಅದರ ಪಾಲಿಗೆ ಬರುವುದು ಸುಮಾರು 15 ಚುಕ್ಕಿ. ಒಂದು ಸಾಲಿನಲ್ಲಿ ನಾಲ್ಕೈದು ಅಕ್ಷರ ಎಂದರೆ ಅಕ್ಷರಕ್ಕೆ ಮೂರು ಚುಕ್ಕಿ. ಮೂರು ಚುಕ್ಕಿಯಲ್ಲಿ 3 ಯಾವುದು, 8 ಯಾವುದು ಎಂದು ಯಾರಿಗೂ ಹೇಳಲು ಬರುವುದಿಲ್ಲ. ನಂಬರ್ ಬೇಕೆಂದರೆ ಅದಕ್ಕೆ ಬೇರೆ ಲೆನ್ಸ್, ಬೇರೆ ಎತ್ತರ, ಬೇರೆ ಕೋನ. ಒಂದೇ ಕ್ಯಾಮೆರಾ ಎರಡೂ ಕೆಲಸ ಮಾಡುವುದಿಲ್ಲ.

ಸರಿ, ಕಳ್ಳರು ಓಡಿದ ದಾರಿಯಲ್ಲಿ ಬೇರೆ ಕ್ಯಾಮೆರಾ ನೋಡೋಣ ಎಂದು ಪೊಲೀಸರ ಜೊತೆ ಹೊರಟೆ. ಸ್ಟೇಷನ್ ರಸ್ತೆಯದಕ್ಕೆ ಕೇಬಲ್ ಇರಲಿಲ್ಲ, ಪೈಪ್‌ಲೈನಿಗೆ ರಸ್ತೆ ಅಗೆದಾಗ ತುಂಡಾಗಿತ್ತು. ಅದರಾಚೆಯದರ ಮುಂದೆ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಬಟ್ಟೆಯ ಹಿಂಭಾಗ ಬಿಟ್ಟು ಬೇರೇನೂ ಕಾಣಲಿಲ್ಲ. ಕೊನೆಗೆ ಎಎಸ್‌ಐ ಒಬ್ಬರು, ‘ಇವರು ಒಂದು ಹದಿನೈದು ದಿನದಿಂದ ಊರು ಸುತ್ತಿ ನೋಡಿಕೊಂಡೇ ಬಂದಿರುತ್ತಾರೆ, ಹಿಂದಿನದು ತೆಗೀರಿ’ ಎಂದರು. ಅವರ ಅನುಭವದ ಮಾತು ಸರಿಯೇ ಇತ್ತು. ಆದರೆ ಹಿಂದಿನದು ಇರಲಿಲ್ಲ.

ಯಾಕೆ ಇರಲಿಲ್ಲ ಎನ್ನುವುದಕ್ಕೂ ಲೆಕ್ಕ ಇದೆ. ಸೆಕೆಂಡಿಗೆ 2 ಮೆಗಾಬಿಟ್ ಎಂದು ಹಿಡಿದರೆ ಒಂದು ಕ್ಯಾಮೆರಾ ದಿನಕ್ಕೆ 21 ಜಿಬಿಗಿಂತ ಸ್ವಲ್ಪ ಜಾಸ್ತಿ ಬರೆಯುತ್ತದೆ. 16 ಕ್ಯಾಮೆರಾ ಎಂದರೆ ದಿನಕ್ಕೆ ಸುಮಾರು 345 ಜಿಬಿ. ಹಾಕಿದ್ದ ಹಾರ್ಡ್ ಡಿಸ್ಕ್ 4 ಟಿಬಿ, ಅಂದರೆ 4,000 ಜಿಬಿ. ಹನ್ನೊಂದು ದಿನಕ್ಕೆ ತುಂಬುತ್ತದೆ, ಹನ್ನೆರಡನೇ ದಿನ ಹಳೆಯದರ ಮೇಲೆ ಹೊಸದು ಬರೆಯುತ್ತದೆ. 30 ದಿನ ಇಡಬೇಕಾದರೆ 10 ಟಿಬಿಗಿಂತ ಜಾಸ್ತಿ ಬೇಕು. ಇನ್ನೊಂದು ಮಾತು. ನಮ್ಮ ರಾಜ್ಯದಲ್ಲೇ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಇದೆ. ಒಮ್ಮೆಗೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಜಾಗಗಳವರು ಕ್ಯಾಮೆರಾ ಹಾಕಬೇಕು, 30 ದಿನದ ದೃಶ್ಯ ಇಟ್ಟುಕೊಂಡಿರಬೇಕು. ಕಲ್ಯಾಣ ಮಂಟಪದ ಮಾಲೀಕರಿಗೆ ಈ ಕಾನೂನು ಹೇಳಿ ದೊಡ್ಡ ಡಿಸ್ಕ್ ಹಾಕಿಸುವವನು ನಾನೇ. ಅವರಿಗೆ 30 ದಿನ ಬೇಕಾದರೆ ಊರಿನ ಸರ್ಕಲ್‌ಗೆ ಹನ್ನೊಂದು ದಿನ ಸಾಕೇ?

ಕೊನೆಗೆ ಸಹಾಯಕ್ಕೆ ಬಂದದ್ದು ಮುಂದಿನ ಬೀದಿಯ ಒಂದು ಬೇಕರಿಯ ಕ್ಯಾಮೆರಾ. ಬಾಗಿಲಿನ ಎತ್ತರಕ್ಕೇ ಹಾಕಿದ್ದು. ಷಟರ್ ಮುಂದೆ ರಾತ್ರಿಯಿಡೀ ಟ್ಯೂಬ್‌ಲೈಟ್ ಉರಿಯುತ್ತದೆ. ಬೇಕರಿಯವರು ದಿನಾ ಬೆಳಿಗ್ಗೆ ಬಾಗಿಲು ಒರೆಸುವಾಗ ಅದರ ಗಾಜನ್ನೂ ಒರೆಸುತ್ತಾರೆ. ಅದರಲ್ಲಿ ಎರಡೇ ಸೆಕೆಂಡು, ಆದರೆ ಬಣ್ಣದಲ್ಲಿ, ಹಿಂದೆ ಕೂತವನ ಮುಖ ಸಿಕ್ಕಿತು. ಮೂರು ತಿಂಗಳಾದ ಮೇಲೆ ಬೇರೆ ಜಿಲ್ಲೆಯಲ್ಲಿ ಸಿಕ್ಕಿಬಿದ್ದಾಗ ಅವನನ್ನು ಗುರುತು ಹಿಡಿದದ್ದು ಆ ಎರಡು ಸೆಕೆಂಡಿನಿಂದ. ಸರ ಮಾತ್ರ ವಾಪಸ್ ಬರಲಿಲ್ಲ.

ಬೇಕರಿಯ ಕ್ಯಾಮೆರಾ ಸರ್ಕಲ್‌ನದಕ್ಕಿಂತ ಕಡಿಮೆ ಬೆಲೆಯದು. ನಾನೇ ಹಾಕಿದ್ದು, ಅದಕ್ಕೇ ಗೊತ್ತು. ಅದಕ್ಕೊಂದು ಬೆಳಕಿತ್ತು, ಒರೆಸುವ ಒಂದು ಕೈ ಇತ್ತು. ಅಷ್ಟೇ ವ್ಯತ್ಯಾಸ.

ನನ್ನ ಮಗಳು ತುಮಕೂರಿನಲ್ಲಿ ಓದುತ್ತಾಳೆ. ಈ ಕಾಗದ ಬರೆಯುತ್ತೇನೆ ಎಂದಾಗ, ‘ಅಪ್ಪ, ಸುಮ್ನೆ ನಿಮ್ಮ ಅನುಭವ ಮಾತ್ರ ಬರೆದರೆ ಯಾರು ಕೇಳ್ತಾರೆ, ಬೇರೆ ಕಡೆ ಏನಾಗಿದೆ ನೋಡೋಣ’ ಎಂದು ಕೂತು ಹುಡುಕಿಕೊಟ್ಟಳು. 2019ರಲ್ಲಿ ಬಂದ ಒಂದು ಅಧ್ಯಯನ ಬೇರೆ ಬೇರೆ ದೇಶಗಳಲ್ಲಿ 40 ವರ್ಷ ನಡೆದ ಇಂಥ 80 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದೆ. ಕ್ಯಾಮೆರಾ ಇರುವ ಕಡೆ ಅಪರಾಧ ಸರಾಸರಿ ನೂರಕ್ಕೆ 13ರಷ್ಟು ಕಡಿಮೆಯಾಗಿದೆ. ಗಾಡಿ ನಿಲ್ಲಿಸುವ ಜಾಗಗಳಲ್ಲಿ ಲಾಭ ತುಂಬ ಜಾಸ್ತಿ. ಹೊಡೆದಾಟ, ಹಲ್ಲೆಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಮುಖ್ಯವಾದ ಮಾತು ಏನೆಂದರೆ, ಯಾರಾದರೂ ಕೂತು ನೋಡುತ್ತಿದ್ದ ಕಡೆ, ಜೊತೆಗೆ ಬೇರೆ ಕ್ರಮಗಳೂ ಇದ್ದ ಕಡೆ ಹೆಚ್ಚು ಫಲ ಸಿಕ್ಕಿದೆ.

ನನ್ನ ಅನುಭವವೂ ಇದಕ್ಕೆ ತಾಳೆ ಆಗುತ್ತದೆ. ಮಂಡಿ ಬೀದಿಯಲ್ಲಿ ಹರಾಜಿನ ದಿನ ರೈತರು ಬೈಕ್ ನಿಲ್ಲಿಸುವ ಜಾಗಕ್ಕೆ ವರ್ತಕರೇ ಸೇರಿ ದುಡ್ಡು ಹಾಕಿ ಎರಡು ಕ್ಯಾಮೆರಾ ಹಾಕಿಸಿದರು. ಗೇಟಿನ ಹತ್ತಿರ ಒಂದು ಟಿವಿ, ಕಾವಲಿನವರ ಕಣ್ಣೆದುರಿಗೆ. ಅಲ್ಲಿಂದ ಈಚೆಗೆ ಆ ಜಾಗದಿಂದ ಬೈಕ್ ಹೋದದ್ದು ನಾನು ಕೇಳಿಲ್ಲ. ಈಗ ಹೋದದ್ದು ಅದರಾಚೆ, ರಸ್ತೆ ಮೇಲೆ ನಿಲ್ಲಿಸಿದ್ದು. ಆದರೆ ನಮ್ಮ ಕಡೆಯ ರೈತರನ್ನು ಕೇಳಿ, ಅವರಿಗೆ ದೊಡ್ಡ ತಲೆನೋವು ಬೋರ್‌ವೆಲ್ ಕೇಬಲ್ ಕಳ್ಳತನ. ತಾಮ್ರದ ಆಸೆಗೆ ರಾತ್ರೋರಾತ್ರಿ ಕತ್ತರಿಸಿಕೊಂಡು ಹೋಗುತ್ತಾರೆ. ಮರುದಿನ ತೋಟಕ್ಕೆ ನೀರಿಲ್ಲ. ಸರ್ಕಲ್‌ನಲ್ಲಿ 40ರ ಜಾಗದಲ್ಲಿ 400 ಕ್ಯಾಮೆರಾ ಹಾಕಿದರೂ ತೋಟದ ಕೇಬಲ್ ಉಳಿಯುವುದಿಲ್ಲ. ಅದಕ್ಕೆ ಪೊಲೀಸರ ರಾತ್ರಿ ಬೀಟ್ (ಗಸ್ತು) ಬೇಕು. ಗುಜರಿ ಅಂಗಡಿಗಳಲ್ಲಿ ಸುಟ್ಟ ತಾಮ್ರ ಯಾರಿಂದ ಬಂತು ಎಂದು ಕೇಳುವವರು ಬೇಕು.

ದೀಪದ ವಿಷಯಕ್ಕೂ ಒಂದು ಪರೀಕ್ಷೆ ನಡೆದಿದೆ. 2016ರಲ್ಲಿ ನ್ಯೂಯಾರ್ಕ್ ನಗರದ ಸರ್ಕಾರಿ ವಸತಿ ಬಡಾವಣೆಗಳಲ್ಲಿ ಕೆಲವನ್ನು ಚೀಟಿ ಎತ್ತಿದ ಹಾಗೆ ಆರಿಸಿ ದೊಡ್ಡ ದೀಪಗಳನ್ನು ತಂದು ನಿಲ್ಲಿಸಿದರು. ರಾತ್ರಿ ಹೊತ್ತು ಹೊರಗೆ ನಡೆಯುವ ಗಂಭೀರ ಅಪರಾಧ ನೂರಕ್ಕೆ 36ರಷ್ಟು ಇಳಿಯಿತು. ನ್ಯೂಯಾರ್ಕ್ ಬೇರೆ, ನಮ್ಮ ಊರು ಬೇರೆ, ಒಪ್ಪುತ್ತೇನೆ. ಆದರೆ ಕತ್ತಲು ಎಲ್ಲ ಕಡೆಯೂ ಕತ್ತಲೇ ಅಲ್ವಾ? ಚಿಕ್ಕಮ್ಮ ಬಿದ್ದ ಸರ್ಕಲ್‌ನಲ್ಲಿ ಒಂದು ಎಲ್‌ಇಡಿ ದೀಪ ಉರಿಯುತ್ತಿದ್ದರೆ ಆ ಕಳ್ಳರು ಅಲ್ಲಿ ಬೈಕ್ ನಿಲ್ಲಿಸುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ನಿಲ್ಲಿಸಿದ್ದರೆ ಮುಖವಂತೂ ಕಾಣುತ್ತಿತ್ತು.

ದುಡ್ಡೇ ಇಲ್ಲ ಎಂದು ಹೇಳುವ ಹಾಗಿಲ್ಲ. ದೆಹಲಿಯ 2012ರ ಸಾಮೂಹಿಕ ಅತ್ಯಾಚಾರದ ಘಟನೆ ಆದ ಮೇಲೆ ಕೇಂದ್ರ ಸರ್ಕಾರ 2013ರಲ್ಲಿ ನಿರ್ಭಯಾ ನಿಧಿ ಮಾಡಿತು. ಅದರಿಂದ 2018ರಲ್ಲಿ ಎಂಟು ಮಹಾನಗರಗಳಿಗೆ ಸೇಫ್ ಸಿಟಿ ಯೋಜನೆ ಮಂಜೂರಾಯಿತು. ಬೆಂಗಳೂರಿನ ಪಾಲು 667 ಕೋಟಿ ರೂಪಾಯಿ. ಕೇಂದ್ರದ್ದು 60, ರಾಜ್ಯದ್ದು 40 ಪಾಲು. ಅಲ್ಲಿ ಕ್ಯಾಮೆರಾ ಜೊತೆಗೆ ಕಮಾಂಡ್ ಸೆಂಟರ್ ಇದೆ, ನೋಡಲು ಜನ ಇದ್ದಾರೆ. ನಮ್ಮಂಥ ಊರಿಗೆ ಬರುವಾಗ ಬರೀ ಕಂಬ ಮತ್ತು ಕ್ಯಾಮೆರಾ ಬರುತ್ತವೆ. ಯಂತ್ರವನ್ನು ಯಾವುದೋ ಕೋಣೆಯ ಮೂಲೆಯಲ್ಲಿ ಇಡುತ್ತಾರೆ. ಯುಪಿಎಸ್ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸಾಯುತ್ತದೆ, ಹೊಸದಕ್ಕೆ ಬಿಲ್ ಯಾರು ಕಟ್ಟಬೇಕು ಎಂದು ಎರಡು ಕಚೇರಿಗಳ ನಡುವೆ ಕಾಗದ ಓಡಾಡುತ್ತದೆ. ಒಂದು ಅಡಾಪ್ಟರ್ ಸುಟ್ಟರೆ ಬೆಲೆ ಕೆಲವು ನೂರು ರೂಪಾಯಿ. ಆ ಕೆಲವು ನೂರಕ್ಕೆ ಕ್ಯಾಮೆರಾ ಆರು ತಿಂಗಳು ಕುರುಡಾಗಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಸಲ ಕೈಯಿಂದಲೇ ಹಾಕಿಬಂದಿದ್ದೇನೆ. ಆದರೆ ಊರಿನ ರಕ್ಷಣೆ ಒಬ್ಬರ ಕೈಯ ದುಡ್ಡಿನ ಮೇಲೆ ನಿಲ್ಲಬಾರದು.

ನೋಡಿಕೊಳ್ಳುವುದು ಹೇಗೆ ಎಂಬುದನ್ನು ಸುಪ್ರೀಂ ಕೋರ್ಟ್ ಒಂದು ಕಡೆ ಚೆನ್ನಾಗಿ ಬರೆದಿದೆ. 2020ರ ಡಿಸೆಂಬರ್‌ನಲ್ಲಿ ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ದೇಶದ ಪ್ರತಿ ಪೊಲೀಸ್ ಠಾಣೆಗೂ ಕ್ಯಾಮೆರಾ ಹಾಕಬೇಕು ಎಂದಿತು. ಹಾಕಿ ಎಂದಷ್ಟೇ ಹೇಳಿ ಬಿಡಲಿಲ್ಲ. ದೃಶ್ಯ 18 ತಿಂಗಳು ಇರಬೇಕು, ಅಂಥ ಯಂತ್ರ ಸಿಗದಿದ್ದರೆ ಕನಿಷ್ಠ ಒಂದು ವರ್ಷ. ಕೆಟ್ಟರೆ ಠಾಣಾಧಿಕಾರಿ ತಕ್ಷಣ ತಿಳಿಸಬೇಕು, ಜಿಲ್ಲೆಗೊಂದು ಸಮಿತಿ ಉಸ್ತುವಾರಿ ನೋಡಬೇಕು, ರಾಜ್ಯ ಅದಕ್ಕೆ ದುಡ್ಡು ಒದಗಿಸಬೇಕು. ಠಾಣೆಯ ಒಳಗಿನ ಕ್ಯಾಮೆರಾಕ್ಕೆ ಇಷ್ಟು ಯೋಚನೆ ಮಾಡಲು ಆಗುವುದಾದರೆ ಠಾಣೆಯ ಹೊರಗಿನ ರಸ್ತೆಗೆ ಯಾಕೆ ಆಗಬಾರದು?

ಕೋರ್ಟಿನ ಮಾತು ಬಂತು. ದೃಶ್ಯ ತೆಗೆದುಕೊಟ್ಟ ಕಾರಣಕ್ಕೆ ನಾನು ಎರಡು ಸಲ ಸಾಕ್ಷಿ ಕಟ್ಟೆ ಹತ್ತಿದ್ದೇನೆ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಕೊಡುತ್ತಿದ್ದ ಹಳೆಯ 65ಬಿ ಸರ್ಟಿಫಿಕೇಟ್ ಬದಲು ಈಗ 63ನೇ ಸೆಕ್ಷನ್ನಿನದು ಕೊಡಬೇಕು. ಒಂದು ಭಾಗಕ್ಕೆ ಯಂತ್ರ ನೋಡಿಕೊಳ್ಳುವವರ ಸಹಿ, ಇನ್ನೊಂದು ಭಾಗಕ್ಕೆ ತಜ್ಞರ ಸಹಿ, ಫೈಲು ಬದಲಾಗಿಲ್ಲ ಎಂದು ತೋರಿಸಲು ಹ್ಯಾಶ್ ಸಂಖ್ಯೆ. ಯಂತ್ರ ಸರಿಯಾಗಿ ಕೆಲಸ ಮಾಡುತ್ತಿತ್ತು ಎಂದು ಬರೆದುಕೊಡಬೇಕು. ಗಡಿಯಾರ 47 ನಿಮಿಷ ಹಿಂದಿರುವ ಯಂತ್ರಕ್ಕೆ ಯಾರು ಧೈರ್ಯವಾಗಿ ಸಹಿ ಹಾಕುತ್ತಾರೆ? ಆರೋಪಿಯ ಪರ ವಕೀಲರು ಮೊದಲು ಹಿಡಿಯುವುದೇ ಅದನ್ನು. ತಿಂಗಳಿಗೆ ಒಮ್ಮೆ ಐದು ನಿಮಿಷ ಕೂತು ಸಮಯ ಸರಿಮಾಡುವವರು ಇದ್ದಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ.

ಇನ್ನೊಂದು ವಿಷಯವನ್ನು ಮಗಳೇ ಬರೆಯಿರಿ ಎಂದಳು. ಕ್ಯಾಮೆರಾದಲ್ಲಿ ಕಳ್ಳರ ಜೊತೆ ನಾವೂ ಕಾಣುತ್ತೇವೆ. ಕಾಲೇಜಿಗೆ ಹೋಗುವ ಹುಡುಗಿಯರು ಕಾಣುತ್ತಾರೆ. ಆ ದೃಶ್ಯ ಯಾರ ಮೊಬೈಲಿಗೆ ಹೋಗುತ್ತದೆ? ನಾನು ಸರಿಮಾಡಲು ಹೋದ ಕಡೆಯೆಲ್ಲ ಪಾಸ್‌ವರ್ಡ್ ಇನ್ನೂ ಕಾರ್ಖಾನೆಯಿಂದ ಬಂದದ್ದೇ ಇರುತ್ತದೆ. ಪಕ್ಕದ ಮನೆಯ ಬಾಗಿಲು ಕಾಣುವ ಹಾಗೆ ಕ್ಯಾಮೆರಾ ತಿರುಗಿಸಿ ಎಂದು ಕೇಳಿದವರೂ ಇದ್ದಾರೆ, ನಾನು ಮಾಡಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಊರಿನ ದುಡ್ಡಿನಲ್ಲಿ ಹಾಕಿದ ಕ್ಯಾಮೆರಾದ ದೃಶ್ಯವನ್ನು ಯಾರು ನೋಡಿದರು, ಯಾವಾಗ ನೋಡಿದರು, ಯಾಕೆ ನೋಡಿದರು ಎಂದು ಬರೆದಿಡುವ ಒಂದು ಪುಸ್ತಕ ಇರಲೇಬೇಕು. ಇದಕ್ಕೆ ಲಕ್ಷಗಟ್ಟಲೆ ಬೇಕಿಲ್ಲ. ನೂರು ಹಾಳೆಯ ನೋಟ್‌ಬುಕ್ ಸಾಕು.

ಹಾಗಾಗಿ ನಮ್ಮ ಸದಸ್ಯರಿಗೆ, ಶಾಸಕರಿಗೆ, ಅನುದಾನ ಬರೆಯುವ ಅಧಿಕಾರಿಗಳಿಗೆ ನನ್ನ ಬೇಡಿಕೆ ಇಷ್ಟೇ. 40 ಬೇಡ, 20 ಹಾಕಿ. ಉಳಿದ ದುಡ್ಡನ್ನು ಐದು ವರ್ಷದ ನಿರ್ವಹಣೆಗೆ ಎಂದು ಬೇರೆಯಾಗಿ ತೆಗೆದಿಡಿ, ಬೇರೆ ಕೆಲಸಕ್ಕೆ ಮುಟ್ಟಬೇಡಿ. ಕ್ಯಾಮೆರಾಕ್ಕಿಂತ ಮೊದಲು ಅದರ ಕೆಳಗಿನ ದೀಪ ಸರಿಮಾಡಿ. ಪ್ರಭಾವ ಇರುವವರ ಮನೆ ಮುಂದೆ ಹಾಕುವ ಬದಲು ಊರಿನಿಂದ ಹೊರಗೆ ಹೋಗುವ ರಸ್ತೆಗಳಿಗೆ ನಂಬರ್ ಓದುವಂಥದ್ದನ್ನು ಹಾಕಿ. ನಮ್ಮ ಊರಿಗೆ ಅಂಥ ರಸ್ತೆ ಐದೇ ಐದು. ಕಳ್ಳ ಯಾವ ಬೀದಿಯಲ್ಲಿ ಕದ್ದರೂ ಈ ಐದರಲ್ಲಿ ಒಂದನ್ನು ದಾಟಬೇಕು. ಗುತ್ತಿಗೆ ಕೊಡುವಾಗ ಕ್ಯಾಮೆರಾ ಕೆಟ್ಟ ದಿನಗಳಿಗೆ ಹಣ ಕಡಿತ ಎಂದು ಬರೆಯಿರಿ. ಇದು ನನ್ನಂಥ ಕೆಲಸದವರಿಗೇ ಕಷ್ಟದ ಷರತ್ತು, ಗೊತ್ತು. ಆದರೂ ಬರೆಯಿರಿ. ಮತ್ತೆ ಪ್ರತಿ ತಿಂಗಳ ಸಭೆಯಲ್ಲಿ, ಎಷ್ಟು ಇವೆ ಎಷ್ಟು ಓಡುತ್ತಿವೆ ಎಂದು ಎರಡು ಸಂಖ್ಯೆ ಓದಿ ಹೇಳಿ. ಆಗ ನನ್ನಂಥವನು ಎದ್ದು ನಿಂತು ಕೇಳಬೇಕಾಗಿಲ್ಲ.

ಚಿಕ್ಕಮ್ಮ ಈಗ ಬೆಳಗಿನ ಜಾವ ಹೊರಗೆ ಹೋಗುವುದಿಲ್ಲ. ಸೂರ್ಯ ಬಂದ ಮೇಲೆ, ಕುತ್ತಿಗೆಗೆ ಸೆರಗು ಸುತ್ತಿಕೊಂಡು ಹೋಗುತ್ತಾರೆ. ಕುತ್ತಿಗೆಯಲ್ಲಿ ಇರುವುದು ಅರಿಶಿನದ ದಾರ. ಹೋದ ವರ್ಷ ಕಾರ್ತಿಕದಲ್ಲಿ, ‘ಸರ್ಕಲ್‌ನಲ್ಲಿ ಲೈಟ್ ಹಾಕಿದ್ದಾರಾ?’ ಎಂದು ನನ್ನನ್ನು ಕೇಳಿದರು. ಹಾಕಿದ್ದರು, ಎರಡು ತಿಂಗಳು ಉರಿಯಿತು, ಮತ್ತೆ ಕೆಟ್ಟಿತ್ತು.

ನಮ್ಮ ಸದಸ್ಯರು ಈ ಪತ್ರಿಕೆ ಓದುತ್ತಾರೆ ಎಂದು ಗೊತ್ತು. ಅವರಿಗೆ ಇಲ್ಲಿಂದಲೇ ಹೇಳುತ್ತಿದ್ದೇನೆ. ಯಾವ ಭಾನುವಾರ ಆದರೂ ಸರಿ, ಬನ್ನಿ. 16 ಕಂಬವನ್ನೂ ಒಂದೊಂದಾಗಿ ಹತ್ತಿ ನೋಡಿ, ಯಾವುದು ಓಡುತ್ತಿದೆ, ಯಾವುದಕ್ಕೆ ಏನು ಬೇಕು, ಎಷ್ಟು ಖರ್ಚು ಎಂದು ಪಟ್ಟಿ ಬರೆದುಕೊಡುತ್ತೇನೆ. ಇದಕ್ಕೆ ದುಡ್ಡು ಬೇಡ. ಏಣಿ ನನ್ನದೇ ಇದೆ.

ಇಂತಿ ನಿಮ್ಮ ಓದುಗ,
ಕ್ಯಾಮೆರಾ ಕೆಲಸದವನು, ತುಮಕೂರು ಜಿಲ್ಲೆ